ಉತ್ತರಕ್ಕೆ ಮೊದಲೇ ಏಳುವವರು

ಮೂಡುಬಿದಿರೆಯ ಕಾಲೇಜಿನಲ್ಲಿ, ಓದು ಅರ್ಧಕ್ಕೆ ಬಿಟ್ಟ ದೊಡ್ಡವರಿಗೆಂದು ಸಂಜೆ ಬೀಜಗಣಿತದ ತರಗತಿ ನಡೆಯುತ್ತಿತ್ತು. ನಲವತ್ತೆರಡನೆಯ ವಯಸ್ಸಿನಲ್ಲಿ ನಾನೂ ಸೇರಿದೆ. ಪಕ್ಕದ ಬೆಂಚಿನಲ್ಲಿ ಬಸದಿಯೊಂದನ್ನು ನೋಡಿಕೊಳ್ಳುವ ಹಿರಿಯರೊಬ್ಬರು ಕೂರುತ್ತಿದ್ದರು. ಜೈನರಲ್ಲವೇ, ಕತ್ತಲಾದ ಮೇಲೆ ಉಣ್ಣುವಂತಿಲ್ಲ. ಬೋರ್ಡಿನಲ್ಲಿ ಲೆಕ್ಕ ನಡುವಿಗೆ ಬರುವಷ್ಟರಲ್ಲಿ ಕಿಟಕಿಯ ಬಿಸಿಲು ನೋಡಿ ಮೆಲ್ಲನೆ ಎದ್ದು ಹೋಗುತ್ತಿದ್ದರು. ಉತ್ತರ ಬಿಟ್ಟು ಹೋಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿ.

ಒಂದು ದಿನ, ಹಿಂದಿನ ಸಂಜೆಯ ಉತ್ತರವನ್ನು ಚೀಟಿಯಲ್ಲಿ ಬರೆದು ಕೊಟ್ಟೆ. ಅವರು ಬಿಡಿಸಿ ನೋಡದೆಯೇ ಮರಳಿಸಿದರು.

“ಬೇಡಮ್ಮ. ಊಟ ಆದ ಮೇಲೂ ರಾತ್ರಿ ತುಂಬಾ ಉಂಟು. ಎಕ್ಸ್ ಎಷ್ಟಿರಬಹುದು ಅಂತ ಯೋಚಿಸ್ತಾ ಜಗಲಿಯಲ್ಲಿ ಕೂತ್ಕೊಳ್ತೇನೆ.”

ಆ ಸಂಜೆ ಅವರು ಎದ್ದಾಗ ನಾನೂ ಪುಸ್ತಕ ಮಡಚಿದೆ. ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತೆ. ಗದ್ದೆಗಳ ಮೇಲೆ ಕೆಂಪು ಬೆಳಕು ತೇಲುತ್ತಿತ್ತು. ಅದರೊಳಗೆಲ್ಲೋ ಎಕ್ಸ್ ಒಮ್ಮೆ ಐದಾಗಿ, ಒಮ್ಮೆ ಸೊನ್ನೆಯಾಗಿ ಸುಳಿಯುತ್ತಿತ್ತು.

“ಅಕ್ಕ, ನಿಮ್ಮದು ಬೆಳುವಾಯಿ ಅಲ್ವಾ?” ಕಂಡಕ್ಟರ್ ಕೇಳಿದ. “ಅದು ದಾಟಿ ಎಷ್ಟೊತ್ತಾಯ್ತು ಮಾರಾಯ್ರೆ!”

ಇಳಿದು ಹಿಂದಕ್ಕೆ ನಡೆದೆ. ಸಿಟ್ಟು ಬರಲಿಲ್ಲ. ಉತ್ತರ ಇನ್ನೂ ಸಿಕ್ಕಿರಲಿಲ್ಲ. ದಾರಿ ಉದ್ದವಾದದ್ದೇ ಒಳ್ಳೆಯದಾಯಿತು.