ಗತ್ತು ಅವರದ್ದು, ದೌಲತ್ತು ನಮ್ಮದು

ಮೊನ್ನೆ ಶಿಕಾರಿಪುರದಲ್ಲಿ, ಆನವಟ್ಟಿಗೆ ಹೊರಡುವ ಬಸ್ಸು ಹತ್ತಿದವಳು ಸೀಟಿನ ಮೇಲಿದ್ದ ಟವೆಲ್ಲೊಂದನ್ನು ಪಕ್ಕಕ್ಕಿಟ್ಟು ಕೂತೆ. ಕಿಟಕಿಯಿಂದ ಟವೆಲ್ ಎಸೆದು ಜಾಗ ಹಿಡಿಯುವ ಪದ್ಧತಿ ನಿಮಗೂ ಗೊತ್ತಲ್ಲ. ಮನುಷ್ಯ ಕೆಳಗೆ ಚಹಾ ಕುಡಿಯುತ್ತಿರುತ್ತಾನೆ, ಟವೆಲ್ಲು ಮೇಲೆ ಆರಾಮಾಗಿ ಕೂತಿರುತ್ತದೆ. ನನಗೋ ಮಂಡಿನೋವು. ಅದರ ಯಜಮಾನ ಬಂದವನೇ ಗುಡುಗಿದ: "ಏನಮ್ಮಾ, ಭಾಳ ದೌಲತ್ತು ಮಾಡ್ತೀಯಲ್ಲ! ಏಳು ಮೇಲೆ."

ಅಬ್ಬಾ, ದೌಲತ್ತು ಅನ್ನುವ ಈ ಮಾತು ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತು! ನಾನು ಮದುವೆಯಾಗಿ ಹೋದ ಸೊರಬದ ಮನೆಯಲ್ಲಿ ಇದನ್ನು ಯಾರೂ ಆಡುವುದಿಲ್ಲ. ನಮ್ಮತ್ತೆ ನೆಂಟರೆದುರು, "ಹುಡುಗಿ ಒಳ್ಳೇದು, ಸ್ವಲ್ಪ ಜೋರು" ಎಂದು ಮೆಲ್ಲಗೆ ಹೇಳಿ ಮುಗಿಸುತ್ತಿದ್ದರು. ದೌಲತ್ತು ಎಂದರೆ ಮೂಲದಲ್ಲಿ ಸಂಪತ್ತಂತೆ. ನಮ್ಮೂರು ಮುಟ್ಟುವಷ್ಟರಲ್ಲಿ ಸಂಪತ್ತು ದಾರಿಯಲ್ಲೆಲ್ಲೋ ಉದುರಿ, ಸೊಕ್ಕು ಮಾತ್ರ ಉಳಿದಿದೆ. ತಮಾಷೆಯೆಂದರೆ, ನಿಜವಾಗಿ ಸಂಪತ್ತಿದ್ದವರಿಗೆ ಎದುರಿಗೆ ಈ ಮಾತನ್ನು ಯಾರೂ ಅನ್ನುವುದಿಲ್ಲ. ಅವರದ್ದು ಗತ್ತು.

ನನ್ನ ಚಿಕ್ಕವ್ವನ ಗದ್ದೆ ಅಂಜನಾಪುರ ಅಣೆಕಟ್ಟಿನ ನೀರು ಬರುವ ಕಾಲುವೆಯ ಕಟ್ಟಕಡೆಗಿತ್ತು. ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ಭತ್ತ ತೆನೆ ಬಿಚ್ಚುವ ಹೊತ್ತು, ನೀರು ತಪ್ಪಿದರೆ ಬೆಳೆಯೆಲ್ಲ ಜೊಳ್ಳು. ಸರದಿ ಚಿಕ್ಕವ್ವನದು. ಆದರೆ ಮೇಲಿನ ಗದ್ದೆಯ ಸಾಹುಕಾರರು ಕಾಲುವೆಗೆ ಮಣ್ಣಿನ ಚೀಲ ಅಡ್ಡ ಹಾಕಿ ನೀರನ್ನು ತಮ್ಮ ಕಡೆ ತಿರುಗಿಸಿಕೊಂಡಿದ್ದರು. ಚಿಕ್ಕಪ್ಪ ಹೋಗಿ ಕೈಮುಗಿದು, ಹೋದ ದಾರಿಯಲ್ಲೇ ವಾಪಸು ಬಂದ. ಚಿಕ್ಕವ್ವ ಸೀರೆ ಎತ್ತಿಕಟ್ಟಿ ಹೊರಟಳು. ನಾನು ಹಕ್ಕು, ಕಾನೂನು ಎಲ್ಲ ಓದಿದವಳು. ಅವಳ ಚಪ್ಪಲಿ ಹಿಡಿದುಕೊಂಡು ಬದುವಿನ ಮೇಲೆ ನಿಂತೆ. ಆ ಹೋರಾಟದಲ್ಲಿ ನನ್ನ ಪಾಲು ಅಷ್ಟೇ.

ಅವಳು ಚೀಲಗಳನ್ನು ದಡಕ್ಕೆ ಎಳೆದು ಹಾಕುತ್ತಿದ್ದಾಗ ಸಾಹುಕಾರರು ಬೈಕಿನಲ್ಲಿ ಬಂದರು. "ಏನವ್ವಾ, ಹೆಣ್ಮಗಳಾಗಿ ಇಷ್ಟು ದೌಲತ್ತಾ?"

"ಹೂಂ ರೀ, ದೌಲತ್ತೇ!" ಅಂದಳು ಚಿಕ್ಕವ್ವ. "ನೀವು ನೀರು ಕಟ್ಟಿದ್ರೆ ಗತ್ತು, ನಾನು ಬಿಟ್ಕೊಂಡ್ರೆ ದೌಲತ್ತಾ? ಹೆಸರು ಏನು ಬೇಕಾದ್ರೂ ಇಡ್ರಿ. ನೀರು ಮಾತ್ರ ನಮ್ಮ ಗದ್ದಿಗೆ ಹೋಗ್ಬೇಕು. ಬೇಕಿದ್ರೆ ಆ ಚೀಲದ ಜಾಗದಾಗೆ ನನ್ನೇ ಹಾಕ್ರಿ, ನೋಡೇ ಬಿಡ್ತೀನಿ."

ಅಕ್ಕಪಕ್ಕದ ಬದುಗಳ ಮೇಲೆ ಜನ ಸೇರಿದ್ದು ಸಾಹುಕಾರರಿಗೆ ಕಂಡಿತು. ಗೊಣಗುತ್ತ ಬೈಕು ತಿರುಗಿಸಿದರು. ಆ ಸಲ ಭತ್ತ ಜೊಳ್ಳಾಗಲಿಲ್ಲ. ಆದರೆ ಊರು ಬಿಡುತ್ತದೆಯೇ? ಬೆನ್ನ ಹಿಂದೆ ಅವಳಿಗೆ "ದೌಲತ್ತವ್ವ" ಎಂದು ಹೆಸರಿಟ್ಟು ನಕ್ಕಿತು. ಮುಂದಿನ ಬೆಳೆಗೆ ಮತ್ತೆ ನೀರು ನಿಂತಾಗ ಕೊನೆಯ ಗದ್ದೆಯವರೆಲ್ಲ ಬಂದದ್ದು ಅವಳ ಬಾಗಿಲಿಗೇ. "ದೌಲತ್ತವ್ವಾರೇ, ಒಂಚೂರು ಬರ್ರೀ!" ಅಯ್ಯೋ, ಎದುರಿಗೇ ಕರೆದುಬಿಟ್ಟರಲ್ಲ ಎಂದು ಚಿಕ್ಕಪ್ಪ ಕಂಗಾಲು. ಅವಳು "ಬಂದೆ, ತಡೀರಿ" ಎಂದು ಸಲಿಕೆ ಹುಡುಕತೊಡಗಿದಳು.

ಇತ್ತ ಬಸ್ಸಿನಲ್ಲಿ ಟವೆಲ್ಲಿನವನ ಸಿಟ್ಟು ಇಳಿದಿರಲಿಲ್ಲ. "ಕಿವಿ ಕೇಳ್ಸಲ್ವಾ? ಏಳಮ್ಮಾ!" ಜಗಳವೆಂದರೆ ನಾನು ಈಗಲೂ ಮಾರು ದೂರ. ಬೇರೆ ದಿನವಾಗಿದ್ದರೆ ಎದ್ದೇ ಬಿಡುತ್ತಿದ್ದೆ. ಟವೆಲ್ಲನ್ನು ಮಡಿಸಿ ಅವನ ಕೈಗಿಟ್ಟೆ.

"ದೌಲತ್ತು ಅಂತನೇ ಇಟ್ಕಳ್ರಿ. ನಾನು ಏಳಲ್ಲ." ದನಿ ನಡುಗಿತು, ನಡುಗಲಿ.

ಹಿಂದೆ ಕಂಬಿ ಹಿಡಿದು ನಿಂತಿದ್ದ ಹೆಂಗಸೊಬ್ಬಳು ನನ್ನ ಭುಜ ಮುಟ್ಟಿದಳು. "ಅಕ್ಕಾ, ಇಲ್ಲೂ ಒಂದು ಟವೆಲ್ ಐತಿ. ತೆಗೀಲಾ?"

"ತೆಗಿಯವ್ವಾ," ಎಂದೆ.