ನನ್ನ ಕಂಪ್ಯೂಟರಿನಲ್ಲಿ ಓಡುತ್ತದೆ

‘ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಓಡುತ್ತದೆ’ ಎಂದು ನಾನು ಎಷ್ಟು ಸಲ ಹೇಳಿದ್ದೇನೋ ನೆನಪಿಲ್ಲ. ಮನೆಯಲ್ಲಿ ದಿನವಿಡೀ ಹಾಡಿ, ನೆಂಟರೆದುರು ಬಾಯಿಗೆ ಬೀಗ ಹಾಕಿಕೊಳ್ಳುವ ಮಗುವಿನ ತಾಯಿಯೂ ಇದನ್ನೇ ಹೇಳುತ್ತಾಳೆ. ನಮ್ಮಿಬ್ಬರನ್ನೂ ಯಾರೂ ನಂಬುವುದಿಲ್ಲ.

ಮಲೇಷ್ಯಾದಲ್ಲಿರುವ ನಾವು ಇಪ್ಪತ್ತು ಮಂಗಳೂರು ಕ್ರೈಸ್ತ ಕುಟುಂಬಗಳು ಹೊಸ ಬೆಳೆಯ ತೆನೆ ಹಬ್ಬದಂದು ಮೀನು ಮಾಂಸ ಮುಟ್ಟದೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತೇವೆ. ಅದಕ್ಕೆ ಪೆಟಾಲಿಂಗ್ ಜಯಾದ ಸಭಾಂಗಣವೊಂದನ್ನು ವೆಬ್‌ಸೈಟಿನಲ್ಲಿ ಹಿಡಿಯಬೇಕು. ಬೆಳಿಗ್ಗೆ ಒಂಬತ್ತಕ್ಕೆ ಬುಕಿಂಗ್ ತೆರೆದರೆ ಮರುನಿಮಿಷಕ್ಕೆ ಬ್ಯಾಡ್ಮಿಂಟನ್‌ನವರು ನುಂಗಿರುತ್ತಾರೆ. ಕಳೆದ ವರ್ಷ ಹಾಗೆ ಕೈತಪ್ಪಿ, ಗೆಳೆಯ ಲ್ಯಾನ್ಸಿಯ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಎಲೆ ಹಾಕಿದೆವು. ಯಾರಾದರೂ ಕಾರು ತೆಗೆದಾಗಲೆಲ್ಲ ಇಡೀ ಪಂಕ್ತಿ ಎಲೆ ಹಿಡಿದು ಏಳಬೇಕು. ಮೂರನೇ ಸಲ ಎದ್ದಾಗ, ಎಂಬತ್ತು ದಾಟಿದ ಸಿಸಿಲಿಯಾಬಾಯಿ, ಇನ್ನು ಮುಂದೆ ನನ್ನನ್ನು ಕರೆಯಬೇಡಿ ಎಂದುಬಿಟ್ಟರು. ನನಗೆ ತುಂಬ ನಾಚಿಕೆಯಾಯಿತು.

ಹಾಗಾಗಿ ಈ ವರ್ಷ ಬ್ರೌಸರನ್ನು ತಾನೇ ತೆರೆದು, ಹೆಸರು ತುಂಬಿ, ಬುಕ್ ಮಾಡುವ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಮ್ ಬರೆದೆ. ಮನೆಯಲ್ಲಿ ಬೆಣ್ಣೆಯಷ್ಟು ನಯವಾಗಿ ಓಡಿತು. ಆದರೆ ಬುಕಿಂಗ್ ತೆರೆಯುವ ದಿನ ನಾನು ವಿಮಾನದಲ್ಲಿರಬೇಕಿತ್ತು. ಲ್ಯಾನ್ಸಿಯ ಕಂಪ್ಯೂಟರಿಗೆ ಹಾಕಿಕೊಟ್ಟು ಪರೀಕ್ಷಿಸಿದರೆ, ‘ಬುಕ್ ಮಾಡುವ ಗುಂಡಿ ಸಿಗಲಿಲ್ಲ’ ಎಂದು ಬರೆದು ಸುಮ್ಮನಾಯಿತು.

“ನನ್ನ ಕಂಪ್ಯೂಟರಿಗೆ ಎಂತ ಕಾಯಿಲೆ ಮಾರಾಯ?” ಎಂದ ಲ್ಯಾನ್ಸಿ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ಅವನ ನೆಲ ಸರಿಮಾಡಲು ಹೊರಟೆ. ನನ್ನದೇ ಬ್ರೌಸರು, ನನ್ನದೇ ಆವೃತ್ತಿ, ಪರದೆಯ ಅಳತೆಯೂ ನನ್ನದೇ. ಮೂರನೇ ದಿನ ಲ್ಯಾನ್ಸಿ ತನ್ನ ಪರದೆಗೆ ನನ್ನ ಮದುವೆಯ ಫೋಟೋ ಹಾಕಿದ. “ಪರಿಚಯದ ಮುಖ ಕಂಡ್ರೆ ಓಡ್ತದೋ ನೋಡುವ ಲಾ” ಎಂದ, ಮಲೇಷ್ಯಾದವರ ಹಾಗೆ ಕೊನೆಗೆ ‘ಲಾ’ ಸೇರಿಸಿ. ನಾನು ಬೇಡವೆನ್ನಲಿಲ್ಲ. ಅಷ್ಟು ಕೆಳಗೆ ಇಳಿದಿದ್ದೆ.

ಫೋಟೋ ಕಂಡು ಗಾಬರಿಯಾದದ್ದು ಜೊತೆಗೆ ಬಂದಿದ್ದ ನನ್ನ ಹೆಂಡತಿ ಗ್ಲಾಡಿಸ್. “ಅದು ಒಳಗೆ ಎಂತ ಮಾಡ್ತದೆ ಅಂತ ಕಣ್ಣಲ್ಲಿ ನೋಡಿದ್ದೀರಾ?” ಎಂದು ಕೇಳಿದಳು.

ನೋಡಿರಲಿಲ್ಲ. ಬ್ರೌಸರ್ ಕಾಣಿಸದಂತೆ ಓಡುವ ಹಾಗೆ ನಾನೇ ಜಾಣತನ ಮಾಡಿದ್ದೆ. ಕಾಣಿಸುವಂತೆ ಮಾಡಿದರೆ, ಗುಂಡಿಯನ್ನು ಮುಚ್ಚಿಕೊಂಡು ಒಂದು ನೋಟಿಸು ನಿಂತಿತ್ತು: ‘ನಿಯಮಗಳನ್ನು ಪೂರ್ತಿ ಓದಿದ್ದೇನೆ.’ ಪಕ್ಕದಲ್ಲಿ ಟಿಕ್ ಮಾಡುವ ಚೌಕ.

“ಇದಾ?” ಎಂದೆ. “ನಮ್ಮ ಮನೇಲಿ ನಾನು ಯಾವಾಗಲೋ ಟಿಕ್ ಮಾಡಿದ್ದೆ, ಮತ್ತೆ ಬರ್ಲೇ ಇಲ್ಲ.”

“ಓದಿದ್ದೆಯಾ?” ಎಂದ ಲ್ಯಾನ್ಸಿ.

“ಅದನ್ನೆಲ್ಲ ಯಾರು ಓದ್ತಾರೆ?”

ಮೂವರೂ ಕೂತು ಓದಿದೆವು. ನಾಲ್ಕನೆಯ ನಿಯಮ: ಹಬ್ಬದ ಊಟಗಳಿಗೆ ವೆಬ್‌ಸೈಟ್ ಬೇಡ, ಕಚೇರಿಗೆ ಬಂದು ಅರ್ಜಿ ಕೊಟ್ಟರೆ ಮೊದಲ ಆದ್ಯತೆ. ಮರುದಿನ ಲ್ಯಾನ್ಸಿ ಕಚೇರಿಗೆ ಹೋಗಿ ಹತ್ತು ನಿಮಿಷದಲ್ಲಿ ಸಭಾಂಗಣ ಹಿಡಿದು ಬಂದ.

ಹಬ್ಬದಂದು ಸಿಸಿಲಿಯಾಬಾಯಿ ಒಮ್ಮೆಯೂ ಏಳದೆ ಎರಡು ಸಲ ಪಾಯಸ ಹಾಕಿಸಿಕೊಂಡರು. ಆಮೇಲೆ ನನ್ನ ತಲೆ ಸವರಿ, “ನಿನ್ನ ಕಂಪ್ಯೂಟರ್ ವಿದ್ಯೆಯಿಂದ ಇದೆಲ್ಲ ಆಯ್ತು ಮಗಾ” ಎಂದರು. ನಾನು ವಿನಯದಿಂದ ತಲೆ ಬಾಗಿಸಿದೆ. ಓದದ್ದನ್ನು ಓದಿದ್ದೇನೆ ಎನ್ನಲಾರದೆ ನಿಂತುಬಿಡುವ ಗುಣ ನನ್ನ ಸ್ಕ್ರಿಪ್ಟಿಗಿತ್ತು, ನನಗೆಲ್ಲಿಂದ ಬರಬೇಕು?