ಸಿಡಿಯದೆ ಉಳಿದ ಕಾಳು

ಆಗೆಲ್ಲ ಪಂಚಮಿ ಬಂತೆಂದರೆ ದೋಣಿಮಲೈನ ನಮ್ಮ ಗಣಿ ಕ್ವಾರ್ಟರ್ಸ್ ಸಾಲಿನ ತುಂಬ ಜೋಳದ ಅಳ್ಳು ಹುರಿಯುವ ಘಮ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿ, ಯಾರ ಕಾಲು ಮೇಲಿನ ಎಲೆ ಮುಟ್ಟುತ್ತದೆಂದು ನಾವು ಹುಡುಗಿಯರು ಪಂದ್ಯ ಆಡುತ್ತಿದ್ದೆವು. ನಾನು ನಾಲ್ಕನೆಯ ತರಗತಿಯಲ್ಲಿದ್ದ ವರ್ಷ ಮಾತ್ರ ಜೋಕಾಲಿ ಹತ್ತಲಿಲ್ಲ. ಮನೆಯಲ್ಲಿ ಅವ್ವ ಇರಲಿಲ್ಲ.

"ಸೊಸಿ ಹಬ್ಬಕ್ಕ ತವರಿಗೆ ಹೋಗ್ಯಾಳೇನು?" ಎಂದವರಿಗೆ ಅಜ್ಜಿ "ಹ್ಞೂಂ, ಬಂಡ್ರಿಗೆ" ಎಂದಷ್ಟೇ ಹೇಳುತ್ತಿದ್ದಳು. ನಿಜವೆಂದರೆ ಅವ್ವನ ಕುತ್ತಿಗೆಯ ಥೈರಾಯ್ಡ್ ಗಡ್ಡೆ ತೆಗೆದು, ಉಳಿದ ರೋಗ ಸುಡಲು ವಿಕಿರಣಶೀಲ ಅಯೋಡಿನ್ ಕೊಟ್ಟಿದ್ದರು. ಅದಕ್ಕೂ ಮುಂಚೆಯೇ ತಮ್ಮನಿಗೆ ಮೊಲೆ ಬಿಡಿಸಿಯಾಗಿತ್ತು. ಕೆಲವು ವಾರ ಕೂಸನ್ನು ಎತ್ತಿಕೊಳ್ಳಬೇಡಿ, ಆಮೇಲೆ ಭಯವಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅದಕ್ಕೇ ಅವ್ವ ಬಂಡ್ರಿಯ ತವರಿನಲ್ಲಿ ಉಳಿದಿದ್ದಳು. ವರ್ಷ ತುಂಬದ ತಮ್ಮ ಅತ್ತು ಅತ್ತು ಸುಸ್ತಾಗುತ್ತಿದ್ದ. ನನಗೂ ಅಳು ಬರುತ್ತಿತ್ತು, ಕೇಳುವವರು ಯಾರು?

ಪಕ್ಕದ ಮನೆಯ ವಿಜ್ಞಾನದ ಮಾಸ್ತರು ಅಳ್ಳು ತಿನ್ನಲು ಬಂದಾಗ ಅಜ್ಜಿ ಕೇಳಿದಳು: "ಮಾಸ್ತರ, ಆ ಔಷಧ ಮೈಯಾಗಿಂದ ಯಾವಾಗ ಹೋಗತೈತ್ರಿ?"

ಮಾಸ್ತರು ಒಲೆಯ ಮೇಲಿನ ಹಂಚು ತೋರಿಸಿದರು. "ನೋಡ್ರಿ ಅಜ್ಜಿ, ಯಾವ ಕಾಳು ಯಾವಾಗ ಸಿಡಿತೈತಿ ಅಂತ ಯಾರಿಗೂ ಹೇಳಾಕ ಬರಂಗಿಲ್ಲ. ಆ ಔಷಧದ ಕಣಾನೂ ಹಂಗ. ಆದ್ರ ಎಂಟು ದಿನದಾಗ ಅರ್ಧ ಸಿಡಿದು ಬ್ಯಾರೆ ವಸ್ತು ಆಗತಾವು. ಅಳ್ಳು ತಿರುಗಿ ಕಾಳಾಗಂಗಿಲ್ಲ, ಹಂಗ. ಇನ್ನೆಂಟು ದಿನಕ್ಕ ಉಳಿದದ್ರಾಗ ಅರ್ಧ. ಮತ್ತೆಂಟಕ್ಕ ಅದರಾಗ ಅರ್ಧ. ಆ ಎಂಟು ದಿನಕ್ಕ ಅರ್ಧಾಯುಷ್ಯ ಅಂತೀವಿ."

"ಹಂಗಾರ ಪೂರಾ ಮುಗಿಯೂದು ಯಾವಾಗ?"

"ಲೆಕ್ಕ ಹಿಡಿದ್ರ ಪೂರಾ ಮುಗಿಯೂದೇ ಇಲ್ರಿ!" ಮಾಸ್ತರು ತಮ್ಮ ಪಾಠಕ್ಕೆ ತಾವೇ ಮೆಚ್ಚಿ ನಕ್ಕರು. "ಆದ್ರ ಎರಡ್ಮೂರು ತಿಂಗಳಾದ ಮ್ಯಾಲ ಇದ್ದೂ ಇಲ್ಲದಂಗ."

ಆ ಕೊನೆಯ ಮಾತು ಅಜ್ಜಿಯ ಕಿವಿಗೆ ಬೀಳಲೇ ಇಲ್ಲ. ಹಂಚಿನಲ್ಲಿ ಸಿಡಿಯದೆ ಕರಕಾಗಿ ಉಳಿದ ಕಾಳುಗಳನ್ನೇ ನೋಡುತ್ತಿದ್ದಳು. "ಸತ್ತ ಸೂತಕಕ್ಕೂ ಒಂದು ಕೊನಿ ಐತಿ. ಇದಕ್ಕಿಲ್ಲ ನೋಡು!" ಎಂದಳು.

ಡಾಕ್ಟರು ಹೇಳಿದ ವಾರಗಳು ಮುಗಿದವು. ಅವ್ವ ಬಸ್ಸಿಳಿದು ಓಡೋಡಿ ಬಂದು ಕೂಸಿಗೆ ಕೈ ಚಾಚಿದಳು.

"ಅಲ್ಲೇ ನಿಂದ್ರು! ನಿನ್ನ ಮೈಯಾಗ ಇನ್ನೂ ಐತಿ," ಎಂದು ಅಜ್ಜಿ ತಮ್ಮನನ್ನು ಒಳಗೊಯ್ದಳು.

"ಏನೂ ಆಗಂಗಿಲ್ಲ ಅಂತ ಡಾಕ್ಟರು ಹೇಳ್ಯಾರ್ರಿ ಅತ್ತಿ," ಎಂದು ಅವ್ವ ಅತ್ತಳು.

ಅಪ್ಪ? ಗಣಿಯಲ್ಲಿ ಗುಡ್ಡ ಒಡೆಯುವ ಗಂಡಸು, ತಾಯಿಯನ್ನು ಬಿಟ್ಟು ಅವ್ವನ ಕಡೆಗೇ ತಿರುಗಿದ. "ಒಂದೀಟು ದಿನ ತಡಿ" ಎಂದ. ಆ ಮಾತಿಗಾಗಿ ಅವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅವ್ವ ಅದೇ ಮನೆಯಲ್ಲಿ ಬಟ್ಟೆ ಒಗೆದಳು, ಮುಸುರೆ ತಿಕ್ಕಿದಳು. ಅವಳು ತಿಕ್ಕಿದ ತಾಟಿಗೆ ದೋಷವಿರಲಿಲ್ಲ, ಕೂಸನ್ನು ಮುಟ್ಟಿದರೆ ಮಾತ್ರ ದೋಷ! ದೀಪಾವಳಿ ಹೊತ್ತಿಗೆ ಅವಳ ಮೈಯಲ್ಲಿ ಹೇಳಿಕೊಳ್ಳುವಂಥ ಅಯೋಡಿನ್ ಉಳಿದಿರಲಿಲ್ಲ, ಆದರೂ ಅಜ್ಜಿ ಕೂಸನ್ನು ಕೊಡಲಿಲ್ಲ. ಮಾತು ಕಲಿತ ತಮ್ಮ ಅಜ್ಜಿಯನ್ನೇ "ಅವ್ವ" ಎಂದು ಕರೆದ. ಹೆತ್ತವಳು ತುತ್ತು ಹಿಡಿದು ಬಂದರೆ ಅಜ್ಜಿಯ ಸೆರಗಿನಲ್ಲಿ ಅವಿತುಕೊಂಡ.

ಅಜ್ಜಿ ಹೋಗಿ ಎಷ್ಟೋ ವರ್ಷಗಳಾದವು. ಈಗ ಅಳ್ಳು ಪ್ಯಾಕೆಟ್ಟಿನಲ್ಲಿ ಬರುತ್ತದೆ, ಹೋಗಲಿ ಬಿಡಿ. ನನ್ನ ಹೊಟ್ಟೆ ಉರಿಯುವುದು ಬೇರೆಯದಕ್ಕೆ. ಮೊನ್ನೆ ತಮ್ಮನಿಗೆ ಮಗಳು ಹುಟ್ಟಿದಳು. ನಾವೆಲ್ಲ ಕೂಸನ್ನು ಕೈಯಿಂದ ಕೈಗೆ ದಾಟಿಸಿ ಮುದ್ದಾಡುತ್ತಿದ್ದೆವು. ಅವ್ವ ಬಾಗಿಲ ಹತ್ತಿರವೇ ನಿಂತಿದ್ದಳು. ಕೊನೆಗೆ ತಾನು ಹೆತ್ತ ಮಗನನ್ನು ಮೆಲ್ಲಗೆ ಕೇಳಿದಳು:

"ನಾ ಎತ್ಕೋಬಹುದೇನಪಾ?"